ಖಾನೆ ತಪ್ಪಿದ ಮೂವರು

ತರಗತಿಯಲ್ಲಿದ್ದವರು 60 ಮಂದಿ. ಪರದೆಯ ಮೇಲೆ ಮೂಡಿದ ಪಟ್ಟಿಯನ್ನು ಕೂಡಿದರೆ 57. ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಮಾಡಿಸಿದ ಮೊದಲ ಪ್ರಾಕ್ಟಿಕಲ್ ಅದು. ಮಕ್ಕಳಿಗೆ ಅವರದೇ ಕಿರುಪರೀಕ್ಷೆಯ ಅಂಕಗಳನ್ನು ಕೊಟ್ಟು, ಹತ್ತರ ಅಂತರದಲ್ಲಿ ವರ್ಗ ಮಾಡಿ ಆವೃತ್ತಿ ಪಟ್ಟಿ ತೆಗೆಯಿರಿ ಎಂದಿದ್ದೆ. 'ಕಟ್' ಎಂಬ ಆಜ್ಞೆ ಅಂಕಗಳನ್ನು ತುಂಡು ಮಾಡುತ್ತದೆ, 'ಟೇಬಲ್' ಎಂಬುದು ಎಣಿಸುತ್ತದೆ. ಎರಡು ಸಾಲು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. "ಸರ್, ಮೂರು ಜನ ಕಮ್ಮಿ ಬರ್ತಿದಾರೆ" ಎಂದಳು ಮುಂದಿನ ಬೆಂಚಿನ ಹುಡುಗಿ. ಕಂಪ್ಯೂಟರು ಎಲ್ಲೂ ತಪ್ಪಾಯಿತು ಎಂದು ಹೇಳಿರಲಿಲ್ಲ.

ನಾನು ಬಿ.ಎಸ್ಸಿ. ಓದುವಾಗ ಹೀಗೆ ಮೂವರು ಕಳೆದುಹೋಗುವುದು ಸಾಧ್ಯವಿರಲಿಲ್ಲ. ಇಬ್ಬಿಬ್ಬರು ಜೋಡಿಯಾಗಿ ಕೂರುತ್ತಿದ್ದೆವು. ಒಬ್ಬ ಸಂಖ್ಯೆ ಓದಬೇಕು, ಇನ್ನೊಬ್ಬ ಗೆರೆ ಎಳೆಯಬೇಕು. "ಮೂವತ್ತೇಳು" ಎಂದರೆ 30–40ರ ಮುಂದೆ ಒಂದು ಗೆರೆ. ನಾಲ್ಕು ನಿಂತ ಮೇಲೆ ಐದನೆಯದು ಅಡ್ಡ. ಕೊನೆಗೆ ಕೂಡಿದಾಗ ಮೊತ್ತ ಸರಿಬರದಿದ್ದರೆ ಮೊದಲಿಂದ ಶುರು. ಮೇಷ್ಟ್ರು ರೆಕಾರ್ಡಿನಲ್ಲಿ ಮೊದಲು ನೋಡುತ್ತಿದ್ದುದೇ ಆ ಕೆಳಗಿನ ಮೊತ್ತವನ್ನು. ತಪ್ಪಿದ್ದರೆ ಸಹಿ ಇಲ್ಲ. ನಮ್ಮ ಪಠ್ಯಪುಸ್ತಕಗಳು ಈ ಗೆರೆಗಳನ್ನು 'ತಾಳೆ ಗುರುತು' ಎನ್ನುತ್ತವೆ. ಇಂಗ್ಲಿಷಿನ 'ಟ್ಯಾಲಿ'ಯ ಸದ್ದೂ ಇದೆ, ತಾಳೆ ನೋಡುವ ಕೆಲಸವೂ ಇದೆ. ಈ ಪದವನ್ನು ಆರಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಪಟ್ಟಿ ಮಾಡುವ ಈ ಕಸುಬಿಗೆ ಮೂಲಪುರುಷ ಎಂದು ಕರೆಸಿಕೊಳ್ಳುವವನು ಲಂಡನ್ನಿನ ಬಟ್ಟೆಬರೆಯ ವ್ಯಾಪಾರಿ ಜಾನ್ ಗ್ರಾಂಟ್. ಅಲ್ಲಿ ಪ್ರತಿ ವಾರ ಯಾವ ಕಾಯಿಲೆಗೆ ಎಷ್ಟು ಮಂದಿ ಸತ್ತರು ಎಂಬ ಸಾವಿನ ಪಟ್ಟಿ ಅಚ್ಚಾಗುತ್ತಿತ್ತು. ಅಂಥ ಹಲವು ವರ್ಷಗಳ ಹಾಳೆಗಳನ್ನು ಒಟ್ಟುಹಾಕಿ ಗ್ರಾಂಟ್ 1662ರಲ್ಲಿ ಪುಸ್ತಕ ಪ್ರಕಟಿಸಿದ. ಎಲ್ಲರೂ ಅವನ ಕೋಷ್ಟಕಗಳನ್ನು ಹೊಗಳುತ್ತಾರೆ. ನನಗೆ ಹಿಡಿಸಿದ್ದು ಅವನ ಅನುಮಾನ. ಸಾವಿನ ಕಾರಣ ಬರೆಸುತ್ತಿದ್ದವರು ಮನೆಮನೆಗೆ ಹೋಗಿ ಹೆಣ ನೋಡಿ ಬರುವ ಮುದುಕಿಯರು. ಒಂದು ಲೋಟ ಏಲ್ ಕುಡಿಸಿ, ಸಲ್ಲಬೇಕಾದ ಕಾಸಿಗೆ ಎರಡರಷ್ಟು ಕೈಗಿಟ್ಟರೆ, ಫ್ರೆಂಚ್ ಸಿಡುಬೆಂದು ಕರೆಯುತ್ತಿದ್ದ ಮೇಹರೋಗದ ಸಾವು ಕ್ಷಯದ ಸಾಲಿಗೆ ಹೋಗಿಬಿಡುತ್ತದೆ ಎಂದು ಅವನು ಬರೆದಿಟ್ಟ. ಆ ಹಾಳೆಯಲ್ಲಿ ಮೊತ್ತ ಸರಿಯಾಗಿಯೇ ಇರುತ್ತದೆ. ಹೆಣ ಮಾತ್ರ ಬೇರೆ ಖಾನೆಯಲ್ಲಿ.

ಖಾನೆ ಎಂದೆ. ನಮ್ಮ ಹಿರಿಯರು ಜನಗಣತಿಗೆ ಖಾನೇಸುಮಾರಿ ಎನ್ನುತ್ತಿದ್ದರು. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ಕನ್ನಡಕ್ಕೆ ಬರುವ ಹೊತ್ತಿಗೆ ಖಾನೆ ಬೀರುವಿನ ಗೂಡೂ ಆಯಿತು, ಪಟ್ಟಿಯ ಚೌಕವೂ ಆಯಿತು. 1901ರಲ್ಲಿ ಈ ಅರ್ಥಗಳೆಲ್ಲ ಒಂದೇ ಕೋಣೆಯಲ್ಲಿ ಸೇರಿದವು. ಅಲ್ಲಿಯವರೆಗೆ ಭಾರತದ ಗಣತಿಯನ್ನೂ ದೊಡ್ಡ ಹಾಳೆಗಳ ಮೇಲೆ ಗೆರೆ ಎಳೆದೇ ಲೆಕ್ಕ ಹಾಕುತ್ತಿದ್ದರು. ಆ ವರ್ಷ ಬವೇರಿಯಾದ ಗೇಯೊರ್ಗ್ ಫಾನ್ ಮೇಯರ್ ರೂಢಿಗೆ ತಂದಿದ್ದ ಚೀಟಿ ಪದ್ಧತಿ ಬಂತು. ಒಬ್ಬ ಮನುಷ್ಯನಿಗೆ ಒಂದು ಚೀಟಿ. ಚೀಟಿಯ ಬಣ್ಣ ಧರ್ಮವನ್ನು ಹೇಳುತ್ತದೆ. ಗಂಡೋ ಹೆಣ್ಣೋ, ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೆ ಚಿಹ್ನೆಗಳು. ಮೂಲ ಷೆಡ್ಯೂಲಿನಿಂದ ನಕಲು ಮಾಡಿದ ಈ ಚೀಟಿಗಳನ್ನು ಗುಮಾಸ್ತರು ಮರದ ಗೂಡುಗಳಿಗೆ ವಿಂಗಡಿಸಿ ಹಾಕಿ, ಆಮೇಲೆ ಗೂಡುಗೂಡಾಗಿ ಎಣಿಸುತ್ತಿದ್ದರು. ವಯಸ್ಸಿನ ಪಟ್ಟಿ ಮುಗಿದರೆ ಅದೇ ಚೀಟಿಗಳನ್ನು ಕಲಸಿ ಕಸುಬಿನ ಪಟ್ಟಿಗೆ ಹಾಕಬಹುದು. ಗೆರೆಯನ್ನು ಹಾಗೆ ಎತ್ತಿ ಇನ್ನೊಂದು ಗೂಡಿಗೆ ಹಾಕಲಾಗದು, ಚೀಟಿಯನ್ನು ಹಾಕಬಹುದು. ಆರ್‌ನಲ್ಲಿ ದತ್ತಾಂಶ ಕೂರುವುದೂ ಹೀಗೆಯೇ, ಒಬ್ಬರಿಗೆ ಒಂದು ಸಾಲು. ಅದನ್ನು ಪಾಠ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಈ ಬಣ್ಣದ ಚೀಟಿಗಳೇ.

ಅಮೆರಿಕದವರು ಅಷ್ಟರಲ್ಲಾಗಲೇ ಯಂತ್ರಕ್ಕೆ ಇಳಿದಿದ್ದರು. 1880ರ ಗಣತಿಯ ಲೆಕ್ಕ ವರ್ಷಗಟ್ಟಲೆ ಎಳೆದುದನ್ನು ಕಂಡ ಹರ್ಮನ್ ಹೊಲೆರಿತ್ 1890ರ ಗಣತಿಗೆ ತೂತಿನ ಕಾರ್ಡು ತಂದ. ಕಾರ್ಡನ್ನಿಟ್ಟು ಹಿಡಿ ಒತ್ತಿದರೆ ಸೂಜಿಗಳು ಇಳಿಯುತ್ತವೆ. ತೂತು ಇದ್ದಲ್ಲಿ ಸೂಜಿ ದಾಟಿ ಕೆಳಗಿನ ಪಾದರಸದ ಬಟ್ಟಲು ಮುಟ್ಟುತ್ತದೆ, ವಿದ್ಯುತ್ ಹರಿಯುತ್ತದೆ, ಮುಳ್ಳು ಒಂದು ಮನೆ ಮುಂದಕ್ಕೆ ಹೋಗುತ್ತದೆ. ಕಾರ್ಡು ಸರಿಯಾಗಿ ಎಣಿಕೆಯಾದರೆ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸದಿದ್ದರೆ ಆ ಕಾರ್ಡಿನಲ್ಲಿ ಏನೋ ಐಬಿದೆ ಎಂದರ್ಥ. ತೆಗೆದು ಪಕ್ಕಕ್ಕಿಟ್ಟು ನೋಡಬೇಕು. ನನ್ನ ಪ್ರಕಾರ ಇಡೀ ಯಂತ್ರದ ಜಾಣತನವೆಲ್ಲ ಆ ಗಂಟೆಯಲ್ಲಿದೆ.

ಇನ್ನು ಆರ್ ಭಾಷೆಯ ಕಥೆ. 1976ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಹೊಸದೊಂದು ವ್ಯವಸ್ಥೆಯ ನಕ್ಷೆ ಹಾಕಿದರು. ಚಿಕ್ಕ ಲೆಕ್ಕಕ್ಕೂ ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಗೋಳು ತಪ್ಪಲಿ ಎಂಬುದು ಅವರ ಉದ್ದೇಶ. ಅದೇ ಎಸ್ ಭಾಷೆ. ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ತಮ್ಮ ಮ್ಯಾಕಿಂಟಾಷ್ ಲ್ಯಾಬಿನ ಹುಡುಗರಿಗೆ ಪಾಠ ಮಾಡಲು ಎಸ್‌ನಂಥದ್ದೇ ಒಂದನ್ನು ಕಟ್ಟಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಆರ್, ಹಾಗಾಗಿ ಅದೇ ಹೆಸರಾಯಿತು. 1995ರಲ್ಲಿ ಅದನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟರು. 2000ದ ಫೆಬ್ರವರಿ 29ರಂದು 1.0.0 ಆವೃತ್ತಿ ಹೊರಬಂತು. (ಕನ್ನಡದಲ್ಲಿ ವರ್ಷನ್ನಿಗೂ ಆವೃತ್ತಿ, ಫ್ರೀಕ್ವೆನ್ಸಿಗೂ ಆವೃತ್ತಿ. ಪಾಠ ಮಾಡುವವನ ಕಷ್ಟ ಯಾರಿಗೆ ಹೇಳುವುದು?) ದುಡ್ಡಿಲ್ಲದ ನಮ್ಮಂಥ ಕಾಲೇಜಿಗೂ ಅದು ಬಂದದ್ದು ಪುಕ್ಕಟೆ ಸಿಕ್ಕಿದ್ದರಿಂದ.

ಈಗ ಆ ಮೂವರ ವಿಷಯ. ನಮ್ಮ ಪಠ್ಯದ ಕ್ರಮದಲ್ಲಿ 30–40 ಎಂದರೆ 30 ಒಳಗೆ, 40 ಹೊರಗೆ. ಆರ್‌ನ 'ಕಟ್' ತಾನಾಗಿ ಮಾಡುವುದು ತಿರುಗಾಮುರುಗಾ: 30 ಹೊರಗೆ, 40 ಒಳಗೆ. ಹಾಗಾಗಿ ಮೊಟ್ಟಮೊದಲ ವರ್ಗವಾದ 0–10ರಲ್ಲಿ ಸೊನ್ನೆಗೆ ಜಾಗವಿಲ್ಲ. ಸೊನ್ನೆ ತೆಗೆದವನಿಗೆ ಯಾವ ಖಾನೆಯೂ ಸಿಗದೆ 'ಮಾಹಿತಿ ಇಲ್ಲ' ಎನ್ನುವ ಎನ್ಎ ಮುದ್ರೆ ಬೀಳುತ್ತದೆ. ಮುಂದೆ 'ಟೇಬಲ್' ಬರುತ್ತದೆ. ಕೇಳದ ಹೊರತು ಎನ್ಎಗಳನ್ನು ಅದು ಎಣಿಸುವುದಿಲ್ಲ, ಬಿಟ್ಟೆ ಎಂದೂ ಹೇಳುವುದಿಲ್ಲ. ಎರಡು ಆಜ್ಞೆಗಳ ನಡುವಿನ ಸಂದಿನಲ್ಲಿ ಮೂವರು ಜಾರಿಹೋಗಿದ್ದರು.

ದಿಕ್ಕು ಬದಲಿಸಲು 'ರೈಟ್' ಎಂಬುದಕ್ಕೆ 'ಫಾಲ್ಸ್' ಕೊಡಿ ಎಂದೆ. ಮೂವರೂ ವಾಪಸು ಬಂದರು. ಆದರೆ ಮೊತ್ತ 59. ಈ ಸಲ ಮಾಯವಾದವಳು ನೂರಕ್ಕೆ ನೂರು ತೆಗೆದವಳು! ಕೊನೆಯ ಖಾನೆಯ ಬಾಗಿಲು ಅವಳ ಮುಖಕ್ಕೇ ಮುಚ್ಚಿಕೊಂಡಿತ್ತು. ಕ್ಲಾಸೆಲ್ಲ ನಕ್ಕಿತು, ಅವಳೂ ನಕ್ಕಳು. ಕೊನೆಯ ಅಂಚನ್ನೂ ಒಳಗೆ ಸೇರಿಸು ಎಂಬ ಇನ್ನೊಂದು ಮಾತು ಸೇರಿಸಿದ ಮೇಲೆ 60 ಆಯಿತು.

ಮರುವಾರ ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್‌ನ ಕುದುರೆಗಳನ್ನು ತೆಗೆದುಕೊಂಡೆ. 1898ರ ಅವನ ಪುಸ್ತಕದಲ್ಲಿ ಪ್ರಷ್ಯನ್ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವಿದೆ. ಅದರಲ್ಲಿ ಹೆಸರಾದದ್ದು 10 ದಳ, 20 ವರ್ಷ, ಒಟ್ಟು 200 ನಮೂದುಗಳ ಪಟ್ಟಿ. ಯಾರೂ ಸಾಯದ ನಮೂದು 109, ಒಬ್ಬ ಸತ್ತದ್ದು 65, ಇಬ್ಬರು 22, ಮೂವರು 3, ನಾಲ್ವರು 1. ಸತ್ತವರಿಗೆ ಒಂದೊಂದು ಸಾಲಿನಂತೆ 122 ಸಾಲು ಬರೆದು, ದಳ ಮತ್ತು ವರ್ಷ ಎರಡನ್ನೂ ಒಂದೇ ಹೆಸರಾಗಿ ಜೋಡಿಸಿ 'ಟೇಬಲ್'ಗೆ ಕೊಟ್ಟರೆ 91 ನಮೂದು ಮಾತ್ರ ಸಿಗುತ್ತದೆ. ಯಾರೂ ಸಾಯದ ವರ್ಷಕ್ಕೆ ಕಾಗದವೇ ಹುಟ್ಟುವುದಿಲ್ಲವಲ್ಲ. ಆ 109 ಬೇಕಿದ್ದರೆ ದಳ ಯಾವುವು, ವರ್ಷ ಯಾವುವು ಎಂದು ನಾವೇ ಮೊದಲು ಖಾನೆಗಳನ್ನು ಹೆಸರಿಸಿಡಬೇಕು. ಆರ್‌ನಲ್ಲಿ ಅದಕ್ಕೆ 'ಫ್ಯಾಕ್ಟರ್' ಎನ್ನುತ್ತಾರೆ.

ಪಾಠ ಮುಗಿಯಿತು ಎಂದುಕೊಂಡು ಹಾಜರಿ ಪುಸ್ತಕ ಮಡಚಿದೆ. ಮುಂದಿನ ಬೆಂಚಿನವಳು ಮತ್ತೆ ಎದ್ದಳು. "ಸರ್, ಹೋದ ವಾರದ ಆ ಮೂರು ಸೊನ್ನೆ ಇದೆಯಲ್ಲ, ಅದರಲ್ಲಿ ಒಬ್ಬ ಪೇಪರ್ ಖಾಲಿ ಕೊಟ್ಟಿದ್ದ. ಇನ್ನಿಬ್ಬರು ಪರೀಕ್ಷೆಗೇ ಬಂದಿರಲಿಲ್ಲ. ಅವರಿಗೂ ಸೊನ್ನೆ ಅಂತ ಬರೆದವರು ಯಾರು?"

ಬರೆದವನು ನಾನೇ. ಹಾಜರಿ ಪುಸ್ತಕವನ್ನು ಮತ್ತೆ ಬಿಚ್ಚಿದೆ.