ಪೀಪಾಯಿ ಸಾಗಿದ ದಾರಿ

ಮೊನ್ನೆ ಭಾನುವಾರ ನಾವು ನಾಲ್ವರು ಗೆಳೆಯರು ಸುದ್ದಗುಂಟೆಪಾಳ್ಯದಿಂದ ಹೊರಟು, ಬಿಯರನ್ನು ಅಲ್ಲಲ್ಲಿಯೇ ತಯಾರಿಸಿ ಬಡಿಸುವ ಊರಿನ ಚಿಕ್ಕ ಬ್ರೂವರಿಗಳನ್ನು ಸುತ್ತಿ ಬಂದೆವು. ವಿಠಲ್ ಮಲ್ಯ ರಸ್ತೆಗೆ ಬಂದಾಗ ಒಬ್ಬ ಗೆಳೆಯ, “ಇದೆಲ್ಲ ಈಚಿನ ಷೋಕಿ” ಎಂದ. ಆ ಮಾತು ಅರ್ಧ ಮಾತ್ರ ನಿಜ.

1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದರು. ಬಿಯರಿಗೆ ಮೊದಲ ಗಿರಾಕಿ ಆ ದಂಡಿನ ಬಿಳಿಯ ಸೋಲ್ಜರನೇ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸನ್ನು ಕಟ್ಟಿದನು. ಭಾರಿ ಪೀಪಾಯಿಗಳು ಎತ್ತಿನ ಗಾಡಿಗಳ ಮೇಲೆ ಸೈನ್ಯಕ್ಕೆ ಸಾಗುತ್ತಿದ್ದವು. 1947ರಲ್ಲಿ ವಿಠಲ್ ಮಲ್ಯರು ಆ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಗ್ರಾಂಟ್ ರಸ್ತೆ ಎಂದಿದ್ದುದು ಮುಂದೆ ಅವರ ಹೆಸರನ್ನು ಪಡೆಯಿತು. ಹಳೆಯ ಕಾರ್ಖಾನೆಯಿದ್ದ ನೆಲದಲ್ಲಿ ಇಂದು ಯುಬಿ ಸಿಟಿ ತಲೆಯೆತ್ತಿ ನಿಂತಿದೆ. ಅದೇ ರಸ್ತೆಯಲ್ಲಿ 2011ರಲ್ಲಿ ‘ದಿ ಬಿಯರ್ ಕ್ಲಬ್’ ಆರಂಭವಾಗಿ, ಚಿಕ್ಕ ಬ್ರೂವರಿಗಳ ಕಾಲಕ್ಕೆ ನಾಂದಿಯಾಯಿತು.

ಹೀಗೆ ಸೋಲ್ಜರನ ಪಾನೀಯ ನಾಗರಿಕನ ಮೇಜಿಗೆ ಬಂದಿತು. ರಸ್ತೆಗೂ ಎರಡು ಸಲ ನಾಮಕರಣವಾಯಿತು. ಆದರೆ ಪೀಪಾಯಿಯನ್ನು ಗಾಡಿಗೇರಿಸಿದವನ, ಎತ್ತು ಹೊಡೆದವನ ಗುರುತು ಮಾತ್ರ ನಮಗೆ ಅಲ್ಲಿ ಎಲ್ಲಿಯೂ ಕಾಣಲಿಲ್ಲ. ಹಿಂದಿರುಗುವಾಗ ಷೋಕಿಯ ಮಾತನ್ನು ಯಾರೂ ಎತ್ತಲಿಲ್ಲ.