ಸೇರಿಸಿದ ಪ್ಲೇಟು, ತೆಗೆದ ಪ್ಲೇಟು

ಕಾರವಾರದ ಬಳಿಯ ಅರ್ಗಾದಲ್ಲಿ ಹೆದ್ದಾರಿ ನೌಕಾನೆಲೆಯ ಪಕ್ಕದಲ್ಲೇ ಹಾದುಹೋಗುತ್ತದೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಈ ನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದಾಗ ಅದು ರಾಷ್ಟ್ರೀಯ ಹೆದ್ದಾರಿ 17. ಈಗ 66, ಚತುಷ್ಪಥ. ಇಂಥ ದಾರಿಯ ಚರಿತ್ರೆಯನ್ನು ಸೇತುವೆ, ಸುರಂಗಗಳ ಲೆಕ್ಕದಲ್ಲಿ ಬರೆಯುವುದು ರೂಢಿ. ಅದನ್ನು ಗಾಡಿಗಳ ಹಿಂಬದಿಯಲ್ಲೂ ಓದಬಹುದು. ಹಿಂದಿನ ಅಚ್ಚಿನ ಮೇಲೆ ಎಷ್ಟು ಕಮಾನಿನ ಪ್ಲೇಟು ಕೂತಿವೆ, ಬಾಡಿ ನೆಲದಿಂದ ಎಷ್ಟು ಮೇಲಿದೆ ಎಂಬುದರಲ್ಲಿ ಆಯಾ ಕಾಲದ ಹೊರೆಯೂ ರಸ್ತೆಯೂ ಕಾಣುತ್ತವೆ. ಕಾರಿನ ಹಿಂಬದಿ ಇಳಿಸುವುದನ್ನು ಶೋಕಿ ಎಂದು ಬೈಯುವ ನಾವು, ಅದೇ ಅಚ್ಚಿನ ಮೇಲೆ ಪ್ಲೇಟು ಸೇರಿಸುವುದನ್ನು ಮಾತ್ರ ಹೊಟ್ಟೆಪಾಡಿನ ಕೆಲಸವೆಂದು ಒಪ್ಪಿಕೊಂಡು ಬಂದಿದ್ದೇವೆ. ಎರಡರಲ್ಲೂ ತಪ್ಪು ಒಂದೇ ಜಾಗದಲ್ಲಿದೆ ಎಂಬುದು ನನ್ನ ವಾದ.

ಎತ್ತಿನಗಾಡಿಗೆ ಈ ತಾಪತ್ರಯವಿರಲಿಲ್ಲ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದಾಗ ಅಮೆರಿಕದ ಅಂತರ್ಯುದ್ಧ ನಡೆದಿತ್ತು, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿಗೆ ತರುವ ಹುಮ್ಮಸ್ಸು ಹುಟ್ಟಿದ್ದು ಆಗಲೇ. ಆ ಗಾಡಿಗಳಿಗೆ ಕಮಾನಿರಲಿಲ್ಲ; ಹೊಂಡದ ಪೆಟ್ಟನ್ನು ದೊಡ್ಡ ಗಾಲಿ ಮತ್ತು ಎತ್ತಿನ ಹೆಗಲೇ ತಿನ್ನಬೇಕಿತ್ತು. ಇಂಗ್ಲೆಂಡಿನಲ್ಲಿ ಒಬಡೈಯ ಎಲಿಯಟ್ 1804ರಲ್ಲೇ ಸಾರೋಟಿನ ಉಕ್ಕಿನ ಕಮಾನಿಗೆ ಪೇಟೆಂಟ್ ಪಡೆದಿದ್ದ. ಆ ವಿದ್ಯೆ ಇಲ್ಲಿಯ ಸಾಮಾನ್ಯ ಜನರ ಪಾಲಿಗೆ ಬಂದದ್ದು ಲಾರಿ, ಬಸ್ಸು, ಟ್ಯಾಕ್ಸಿಗಳ ಜೊತೆ. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಆಗಲಿ, ಫಿಯೆಟ್ ಆಗಲಿ, ಹಿಂಬದಿ ನಿಂತಿದ್ದು ಪ್ಲೇಟುಗಳ ಮೇಲೆಯೇ. ಉದ್ದದ ಪ್ಲೇಟು ಮೇಲೆ, ಅದರಡಿ ಒಂದಕ್ಕಿಂತ ಒಂದು ಗಿಡ್ಡ, ನಡುವೆ ಒಂದು ಬೋಲ್ಟು, ಅಚ್ಚಿಗೆ ಬಿಗಿಯಲು ಯು ಆಕಾರದ ಕ್ಲಾಂಪು. ಇನ್ನೊಂದು ಪ್ಲೇಟು ಸೇರಿಸಿದರೆ ಹಿಂಬದಿ ಏರುತ್ತದೆ, ಗಡುಸಾಗುತ್ತದೆ. ಸೇತುವೆಯಿಲ್ಲದ ಹೊಳೆಗಳಲ್ಲಿ ಜೋಡಿದೋಣಿಯ ಮೇಲೆ ಹಲಗೆ ಹಾಸಿದ ಜಂಗಲ್‌ಗೆ ಗಾಡಿ ಹತ್ತಿಸುವಾಗ ಬಾಲ ತಗ್ಗಿದ್ದರೆ ಬಂಪರ್ ಬಡಿಯುತ್ತದೆ. ಆ ಕಾಲಕ್ಕೆ ಎತ್ತರವೆಂದರೆ ಅನ್ನ. ಮುರಿದ ಪ್ಲೇಟೂ ವ್ಯರ್ಥವಾಗುತ್ತಿರಲಿಲ್ಲ. ಆಚಾರಿಯ ಕುಲುಮೆ ಸೇರಿ ಕತ್ತಿಯಾಗುತ್ತಿತ್ತು.

ಪ್ಲೇಟು ಸೇರಿಸುವ ಈ ಜಾಣತನ ಎಲ್ಲಿಗೆ ಮುಟ್ಟಿತೆಂಬುದನ್ನು ಅಂಕೋಲೆ ಕಣ್ಣಾರೆ ಕಂಡಿದೆ. ಬಳ್ಳಾರಿ, ಹೊಸಪೇಟೆಯ ಅದಿರು ಅರಬೈಲು ಘಟ್ಟ ಇಳಿದು ಪಕ್ಕದ ಬೇಲೇಕೇರಿ ಬಂದರಿಗೆ ಸುರಿಯುತ್ತಿದ್ದ ವರ್ಷಗಳವು. 2010ರ ಜುಲೈನಲ್ಲಿ ಸರ್ಕಾರ ರಫ್ತು ನಿಷೇಧಿಸಿತು. ಮರುವರ್ಷ ಬಂದ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಯಲ್ಲಿ ಲಾರಿಗಳ ಮಿತಿಮೀರಿದ ಹೊರೆಯೂ ಒಂದು ವಿಷಯ. ಹೆಚ್ಚುವರಿ ಪ್ಲೇಟು ಹೊರೆಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ಲಾರಿ ಕುಗ್ಗುವುದಿಲ್ಲ. ಆದರೆ ಬ್ರೇಕು, ಟೈರು, ಡಾಂಬರು ಹೊರಬೇಕಾದ ಭಾರ ಒಂದು ಕಿಲೋ ಕೂಡ ಇಳಿಯುವುದಿಲ್ಲ.

ಇಳಿಸುವವನ ತಪ್ಪೂ ಇಂಥದ್ದೇ. ಪ್ಲೇಟಿನ ಗಾಡಿಯಲ್ಲಿ ಒಂದೆರಡು ಪ್ಲೇಟು ಕಿತ್ತರೆ ಹಿಂಬದಿ ತಗ್ಗುತ್ತದೆ, ಬಲವೂ ಕುಂದುತ್ತದೆ. ಪ್ಲೇಟು ಅಚ್ಚಿನ ಅಡಿಯಲ್ಲಿರುವ ಗಾಡಿಯಾದರೆ ಎರಡರ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಕ್ಲಾಂಪು ಬಿಗಿಯುವುದು ಮೇಲು. ಆಗ ಪ್ಲೇಟಿನ ಶಕ್ತಿ ಹಾಗೇ ಉಳಿಯುತ್ತದೆ. ಸುರುಳಿ ಸ್ಪ್ರಿಂಗಿನ ಕಾರಿನಲ್ಲಿ ಗ್ರೈಂಡರ್ ಹಿಡಿದು ಒಂದು ಸುತ್ತು ಕತ್ತರಿಸುವುದು ಅಗ್ಗದ ದಾರಿ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸು. ಚಕ್ರ ಹೊಂಡಕ್ಕಿಳಿದು ಜೋತಾಗ ಅದು ತನ್ನ ಬಟ್ಟಲಿನಿಂದ ಜಾರಲೂಬಹುದು. ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪನಾರ್ಡ್ ಸರಳಿದ್ದರೆ, ಬಾಡಿ ಇಳಿದಂತೆ ಅದು ಮಲಗಿ ಇಡೀ ಅಚ್ಚನ್ನು ಒಂದು ಮಗ್ಗುಲಿಗೆ ದೂಡುತ್ತದೆ. ಉದ್ದ ಸರಿಪಡಿಸಬಹುದಾದ ಸರಳು ಹಾಕದೆ ಗತಿಯಿಲ್ಲ. ಶಾಕ್ ಅಬ್ಸಾರ್ಬರ್ ಕೂಡ ಗಿಡ್ಡವಾಗಬೇಕು. ಇವೆಲ್ಲಕ್ಕಿಂತ ಅಪಾಯದ್ದು, ಅನೇಕ ವಾಹನಗಳಲ್ಲಿ ಹಿಂದಿನ ಅಚ್ಚಿಗೆ ಚಿಕ್ಕ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್. ಹಿಂಬದಿ ಕುಗ್ಗಿದರೆ ಹೊರೆ ಬಿದ್ದಿದೆ ಎಂದು ತಿಳಿದು ಅದು ಹಿಂದಿನ ಚಕ್ರಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಇಳಿಸಿದ ಖಾಲಿ ಕಾರು ಅದರ ಪಾಲಿಗೆ ಸದಾ ತುಂಬಿದ ಕಾರು. ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ, ತೋಯ್ದ ರಸ್ತೆಯ ಮೇಲೆ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರೆ ಬಾಲ ತಿರುಗುತ್ತದೆ. ಇದೇ ವಾಲ್ವಿನ ಗಾಡಿಗೆ ಪ್ಲೇಟು ಸೇರಿಸಿ ನೋಡಿ: ಹೊರೆ ತುಂಬಿದರೂ ಅದಕ್ಕೆ ಖಾಲಿ ಗಾಡಿಯೇ ಕಾಣುತ್ತದೆ, ಘಟ್ಟ ಇಳಿಯುವಾಗ ಹಿಂದಿನ ಬ್ರೇಕು ಸೋಮಾರಿಯಾಗುತ್ತದೆ.

ಹೊಟ್ಟೆಪಾಡಿಗೂ ಚಂದಕ್ಕೂ ಒಂದೇ ತಕ್ಕಡಿಯೇ ಎಂದು ಕೇಳಬಹುದು. ದುಡಿಮೆಯ ಒತ್ತಡ ನಿಜ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಎದುರಿನಿಂದ ಬರುವ ಬೈಕಿನವನಿಗೆ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ಚಂದದ ಆಸೆಯನ್ನು ಹೀನವೆಂದು ನಾನು ಎಣಿಸುವುದೂ ಇಲ್ಲ. ಲಾರಿಯ ಹಿಂಬದಿಗೆ ಹೂಬಳ್ಳಿ ಬರೆಸಿದ ನಾಡು ನಮ್ಮದು. ಕಾನೂನೇ ಬೇಡವೆಂದ ಮೇಲೆ ಚರ್ಚೆ ಏಕೆ ಎಂಬುದು ಇನ್ನೊಂದು ಆಕ್ಷೇಪ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆ ಬಿಗಿ ಸರಿ. ಆದರೆ ನೋಂದಣಿ ಪತ್ರದಲ್ಲಿ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರಕ್ಕೆ ಅಂಕಣವಿಲ್ಲ, ಪ್ಲೇಟುಗಳ ಎಣಿಕೆಗೂ ಇಲ್ಲ. ಹಾಗಾಗಿ ಕಣ್ಣಿಗೆ ಹೊಡೆಯುವ ತಗ್ಗಿದ ಕಾರು ಸಿಕ್ಕಿಬೀಳುತ್ತದೆ, ನೆಟ್ಟಗೆ ನಿಂತ ಲಾರಿ ಮುಂದೆ ಹೋಗುತ್ತದೆ. ತಪಾಸಣೆಗೆ ನಿಂತವರು ಬ್ಯಾಟರಿ ಹಿಡಿದು ಅಚ್ಚಿನ ಹತ್ತಿರ ಬಗ್ಗಿ, ಬ್ರೇಕ್ ವಾಲ್ವಿನ ಆ ಚಿಕ್ಕ ಸರಳು ಯಾವ ಕೋನದಲ್ಲಿದೆ ಎಂದು ನೋಡಿದರೆ ಎರಡೂ ಗಾಡಿಗಳು ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.