ಅಂಚೆಚೀಟಿಯಷ್ಟು ಆಂಟೆನಾ

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಮನೆಮನೆಯ ಮಾಡಿನ ಮೇಲೂ ಮೀನಿನ ಮುಳ್ಳಿನಂಥ ಟಿ.ವಿ. ಆಂಟೆನಾ ನಿಂತಿರುತ್ತಿತ್ತು. ಗಾಳಿಗೆ ತಿರುಗಿತೆಂದರೆ ಹುಡುಗನೊಬ್ಬ ಮೇಲೆ ಹತ್ತಬೇಕು, ಕೆಳಗಿನಿಂದ "ಬಂತು, ಬಂತು, ಹೋಯ್ತು" ಎಂಬ ಕೂಗು. ಆಂಟೆನಾ ಎಂದರೆ ಕೊಳವೆ, ಸರಳು ಎಂದೇ ನಂಬಿದ್ದ ನನಗೆ, ಅಂಚೆಚೀಟಿಯಷ್ಟು ತಾಮ್ರದ ತಗಡೂ ಆಂಟೆನಾ ಆಗಬಲ್ಲದೆಂದು ತಿಳಿದದ್ದು ಬಿ.ಎಸ್ಸಿ. ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ.

ಮೈಕ್ರೋಸ್ಟ್ರಿಪ್ ಆಂಟೆನಾದ ಕಲ್ಪನೆಯನ್ನು 1953ರಲ್ಲಿ ಅಮೆರಿಕದಲ್ಲಿ ಡೆಷಾಂಪ್ಸ್ ಮುಂದಿಟ್ಟರು. 1955ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟೂ ಆಯಿತು. ಆದರೆ ಅದು ನಿಜವಾಗಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ, ಹೊವೆಲ್, ಮನ್ಸನ್ ಮುಂತಾದವರ ಕೈಯಲ್ಲಿ. ರಾಕೆಟ್ಟಿನ ಮೈಗೆ ಅಂಟಿಸಿದರೂ ಗಾಳಿಗೆ ಅಡ್ಡಿಯಿಲ್ಲ!

ರಚನೆ ಬಲು ಸರಳ. ತೆಳ್ಳನೆಯ ನಿರೋಧಕ ಹಾಳೆ. ಕೆಳಗೆ ಪೂರ್ತಿ ತಾಮ್ರ, ಮೇಲೆ ಸುಮಾರು ಅರ್ಧ ತರಂಗಾಂತರದ ಒಂದು ತುಂಡು. 10 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 3 ಸೆಂಟಿಮೀಟರ್. ಹಾಳೆಯೊಳಗೆ ಅಲೆ ಮತ್ತಷ್ಟು ಕುಗ್ಗುವುದರಿಂದ ತುಂಡು ಸುಮಾರು 1 ಸೆಂಟಿಮೀಟರ್ ಇದ್ದರೆ ಸಾಕು.

ತೊಡಕು ಇರುವುದೂ ಆ ತೆಳುವಿನಲ್ಲೇ. ಎರಡು ತಾಮ್ರಗಳ ನಡುವೆ ಶಕ್ತಿ ಸೆರೆಯಾಗಿ, ಅಂಚುಗಳಿಂದ ಸ್ವಲ್ಪಸ್ವಲ್ಪವೇ ಹೊರಬೀಳುತ್ತದೆ. ಬಹುಕಾಲ ಅನುರಣಿಸುವ ಗಂಟೆಯಂತೆ ಇದಕ್ಕೂ ಒಂದೇ ಸ್ವರ. ಬ್ಯಾಂಡ್‌ವಿಡ್ತ್ ಸಾಮಾನ್ಯವಾಗಿ ಶೇಕಡಾ ಎರಡು, ಮೂರು. ಹಾಳೆಯನ್ನು ದಪ್ಪ ಮಾಡಿದರಾಯಿತಲ್ಲ ಎನ್ನುವಿರಾ? ಆಗ ಒಂದಷ್ಟು ಶಕ್ತಿ ಹಾಳೆಯ ಗುಂಟವೇ ಹರಿದು ಪೋಲಾಗುತ್ತದೆ. ಶಕ್ತಿ ಉಣಿಸುವ ತಂತಿಯೂ ಉದ್ದವಾಗಿ ಹೊಂದಾಣಿಕೆ ಕೆಡುತ್ತದೆ.

ಇಲ್ಲಿ ನಮ್ಮ ದೇಶದ ಹೆಸರು ಬರುತ್ತದೆ. ಕಾನ್ಪುರದ ಐ.ಐ.ಟಿ.ಯಲ್ಲಿ ಗಿರೀಶ್ ಕುಮಾರ್ ಮತ್ತು ಕೆ.ಸಿ. ಗುಪ್ತಾ, ಮುಖ್ಯ ತುಂಡಿನ ಪಕ್ಕದಲ್ಲಿ ಕಿರಿದಾದ ಸಂದು ಬಿಟ್ಟು ಬೇರೆ ತುಂಡುಗಳನ್ನಿಟ್ಟರು. ಅವುಗಳಿಗೆ ತಂತಿಯ ಜೋಡಣೆಯಿಲ್ಲ. ಸಿತಾರಿನ ತರಬ್ ತಂತಿಗಳನ್ನು ನೆನೆಯಿರಿ: ಬೆರಳು ಮೀಟುವುದು ಮೇಲಿನದನ್ನು, ಕೆಳಗಿನವು ತಾವಾಗಿ ಮಿಡಿಯುತ್ತವೆ. ಪಕ್ಕದ ತುಂಡುಗಳ ಉದ್ದ ತುಸು ಬೇರೆಯಾದ್ದರಿಂದ ಅವುಗಳ ಸ್ವರವೂ ತುಸು ಬೇರೆ. ಎಲ್ಲ ಕೂಡಿ ಬ್ಯಾಂಡ್‌ವಿಡ್ತ್ ಹಲವು ಪಟ್ಟು ಹಿಗ್ಗಿತು. 1984, 1985ರ ಅವರ ಲೇಖನಗಳಲ್ಲಿ ಈ ವಿವರವಿದೆ. ಬೆಲೆ ತೆರದೆ ಸಿಕ್ಕಿದ್ದಲ್ಲ, ಅನ್ನಿ. ಆಂಟೆನಾ ಹರವಾಯಿತು, ಕಂಪನಾಂಕ ಬದಲಾದಂತೆ ಪ್ರಸಾರದ ದಿಕ್ಕೂ ಕೊಂಚ ವಾಲತೊಡಗಿತು.

1995ರಲ್ಲಿ ಹುಯಿನ್ ಮತ್ತು ಲೀ ಒಂದೇ ತುಂಡಿನಲ್ಲಿ ಇಂಗ್ಲಿಷಿನ 'ಯು' ಅಕ್ಷರದ ಸೀಳು ಕೊರೆದು, ಅಗಲ ಹೆಚ್ಚಿಸದೆಯೇ ಕೆಲಸ ಸಾಧಿಸಿದರು. ಕೆಳಗೆ ದಪ್ಪನೆಯ ಹಗುರ ಪದರವಿದ್ದರೆ ಈ ಬಗೆಯಲ್ಲಿ ಶೇಕಡಾ 30ನ್ನೂ ಮುಟ್ಟಬಹುದು.

ಜಿ.ಪಿ.ಎಸ್. ಉಪಕರಣಗಳಲ್ಲಿರುವ ಪಿಂಗಾಣಿಯ ಚೌಕ ತುಂಡೂ ಇದೇ ವಂಶದ್ದು. ಅದು ಮುಖ್ಯವಾಗಿ ಕೇಳಬೇಕಾದದ್ದು 1575.42 ಮೆಗಾಹರ್ಟ್ಸ್‌ನ ಆಸುಪಾಸನ್ನು. ಅಲ್ಲಿ ಹಳೆಯ ಕಿರಿದಾದ ಕಿವಿಯೇ ಸಾಕು.